ಹೆಬ್ರಿ ಹತ್ತಿರ ಮಾವನ ತೋಟದಲ್ಲಿ ನಾಲ್ಕು ದಿನ: ನಾವಿಬ್ಬರು ಮತ್ತು ಬೆಲ್ಲ

ಬೆಲ್ಲನ ಮನೆಯವಳು, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಾಯಿಯನ್ನು ಕರೆದುಕೊಂಡು ತೋಟದ ಮನೆಗೆ ಹೋಗಬಹುದಾ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ಹೋಗಿ ಬಂದು ಬರೆಯಿರಿ ಅಂತ ಕೆಲವರು ಹೇಳಿದ್ದಿರಿ. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಿನಲ್ಲಿ ಓದಿ.

ನಾವು ಕದ್ರಿಯಲ್ಲಿ ಐದನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಇರುವವರು. ಬೆಲ್ಲ ಊರಿನ ಬೀದಿನಾಯಿ ಜಾತಿಯವಳು, ಐದು ವರ್ಷ, ಬಣ್ಣವೂ ಹೆಸರಿನದ್ದೇ. ಮರಿಯಿರುವಾಗ ಜೋರು ಮಳೆಗೆ ಒಂದು ಮುಚ್ಚಿದ ಅಂಗಡಿಯ ಬಾಗಿಲಲ್ಲಿ ಮುದುಡಿ ಕೂತಿದ್ದಳು, ಮನೆಗೆ ತಂದೆವು. ಫ್ಲ್ಯಾಟಿನಲ್ಲಿ ಅವಳಿಗೆ ಊಟಕ್ಕೆ, ಪ್ರೀತಿಗೆ ಕಮ್ಮಿ ಇಲ್ಲ. ಆದರೆ ಲಿಫ್ಟಿನ ಸದ್ದಾದರೆ ಎದ್ದಳು, ಪಕ್ಕದ ಮನೆಯ ಬೆಲ್ ಆದರೆ ಎದ್ದಳು, ಮೇಲಿನವರು ಕುರ್ಚಿ ಎಳೆದರೆ ಎದ್ದಳು. ಮಲಗಿದರೂ ಒಂದು ಕಿವಿ ಬಾಗಿಲ ಕಡೆಗೇ. ನನ್ನ ಗಂಡ, ಇವರಿಗೆ ಎರಡು ವರ್ಷದಿಂದ ರಾತ್ರಿ ಪಾಳಿ. ನನಗೆ ಹಗಲು ಆಫೀಸು. ಒಂದೇ ಮನೆಯಲ್ಲಿದ್ದು ಇಬ್ಬರೂ ಒಟ್ಟಿಗೆ ಕೂತು ಉಂಡದ್ದು ವಾರಕ್ಕೆ ಒಂದು ಸಲ ಉಂಟೋ ಇಲ್ಲವೋ. ಮೂರೂ ಜನ ಅರೆನಿದ್ದೆಯಲ್ಲೇ ದಿನ ತೆಗೆಯುತ್ತಿದ್ದೆವು.

ತೋಟ ನನ್ನ ಅಮ್ಮನ ತವರಿನದ್ದು, ಹೆಬ್ರಿಯಿಂದ ಒಳಗೆ, ಸೋಮೇಶ್ವರದ ಕಡೆ. ಅಜ್ಜ ಹೋದ ಮೇಲೆ ಸೋದರಮಾವ ಮತ್ತು ಅತ್ತೆ ನೋಡಿಕೊಳ್ತಿದ್ದಾರೆ. ಅಡಿಕೆ, ತೆಂಗು, ನಡುವೆ ಬಾಳೆ, ಕಾಳುಮೆಣಸು, ಕೊಕ್ಕೊ. ಫೋನ್ ಮಾಡಿ ಕೇಳಿದಾಗ ಮಾವ ಹೇಳಿದ್ದು ಇಷ್ಟೇ: "ಕರ್ಕೊಂಡು ಬಾ ಮಗಾ. ಆದ್ರೆ ಅಂಗಳದಲ್ಲಿ ಅಡಿಕೆ ಉಂಟು, ಹಟ್ಟಿಯಲ್ಲಿ ಸಣ್ಣ ಕರು ಉಂಟು, ಅತ್ತೆಯ ಕೋಳಿ ಉಂಟು. ಇವು ಮೂರಕ್ಕೂ ಉಪದ್ರ ಆಗ್ಬಾರ್ದು."

ಬೆಳಿಗ್ಗೆ ಆರಕ್ಕೆ ಹೊರಟೆವು, ಮೂಡುಬಿದಿರೆ, ಕಾರ್ಕಳ ದಾರಿಯಾಗಿ. ಬೆಲ್ಲನಿಗೆ ತಿರುವಿನ ರಸ್ತೆಯಲ್ಲಿ ವಾಂತಿ ಬರುತ್ತದೆ, ಅದಕ್ಕೆ ಹಿಂದಿನ ರಾತ್ರಿ ಮಾತ್ರ ಊಟ, ಬೆಳಿಗ್ಗೆ ನೀರು ಅಷ್ಟೇ. ಕಾರ್ಕಳದ ಆನೆಕೆರೆ ಹತ್ತಿರ ಅರ್ಧ ಗಂಟೆ ನಿಲ್ಲಿಸಿದೆವು. 1432ರ ಗೊಮ್ಮಟ ಅಲ್ಲೇ ಬೆಟ್ಟದ ಮೇಲೆ. ಹತ್ತಬೇಕು ಅಂತ ಇಬ್ಬರಿಗೂ ಅನ್ನಿಸಲಿಲ್ಲ, ಕೆರೆಯ ಬದಿಯಲ್ಲಿ ಸುಮ್ಮನೆ ನಡೆದೆವು.

ತೋಟದಲ್ಲಿ ಎರಡು ನಾಯಿ. ಕರಿಯ ಮುದುಕ, ಮೀಸೆಯೆಲ್ಲ ಬೆಳ್ಳಗಾಗಿದೆ. ಬೊಳ್ಳ ಹರೆಯದವ. ಮೂವರನ್ನೂ ಮನೆಯ ಅಂಗಳದಲ್ಲಿ ಎದುರುಬದುರು ಬಿಡಬಾರದು ಅಂತ ಇಲ್ಲಿಯೇ ಯಾರೋ ಹೇಳಿದ್ದಿರಿ, ತುಂಬ ಉಪಕಾರವಾಯ್ತು. ಮಾವ ಅವೆರಡನ್ನು ಗೇಟಿನ ಹೊರಗೆ ತಂದರು. ನಾವು ಬೆಲ್ಲನನ್ನು ಹಗ್ಗದಲ್ಲಿ ಹಿಡಿದು ಅವುಗಳ ಜೊತೆಯೇ ಒಂದೇ ದಿಕ್ಕಿಗೆ ಗುಡ್ಡೆ ದಾರಿಯಲ್ಲಿ ನಡೆದೆವು. ಒಂದು ಫರ್ಲಾಂಗು ಹೋಗುವಾಗ ಮೂಸಿ ನೋಡಿ, ಬಾಲ ಅಲ್ಲಾಡಿಸಿ, ಪರಿಚಯ ಮುಗಿದಿತ್ತು.

ಇನ್ನು ಆ ಅಂಗಳದ ವಿಷಯ. ಸೆಗಣಿ ಸಾರಿಸಿದ ಅಂಗಳದ ತುಂಬ ಅಡಿಕೆ. ಒಂದು ಮೂಲೆಯಲ್ಲಿ ಮೊನ್ನೆ ತೆಗೆದದ್ದು, ಹಣ್ಣಡಿಕೆ, ಕಿತ್ತಳೆ ಬಣ್ಣ. ಅದರ ಪಕ್ಕ ಹಳದಿ ಇಳಿದದ್ದು, ಆಮೇಲೆ ಕಂದು, ಕೊನೆಗೆ ಮಣ್ಣಿನ ಬಣ್ಣಕ್ಕೆ ತಿರುಗಿದ್ದು. ನಮ್ಮ ಕಡೆಯ ಚಾಲಿ ಅಡಿಕೆ, ಅಂದರೆ ಬೇಯಿಸದೆ ಸಿಪ್ಪೆ ಸಮೇತ ಬಿಸಿಲಿಗೆ ಹಾಕುವ ಹಣ್ಣಡಿಕೆ, ಒಣಗಲು ಒಳ್ಳೆ ಬಿಸಿಲಿದ್ದರೂ ನಲವತ್ತು ದಿನದ ಮೇಲೆ ಬೇಕು, ದಿನವೂ ಮಗುಚಬೇಕು. ಜಗಲಿಯಿಂದ ಬಚ್ಚಲಿಗೆ ಹೋಗಲು ಅಂಚಿನಲ್ಲಿ ಒಂದು ಅಡಿ ಅಗಲದ ದಾರಿ ಬಿಟ್ಟಿದ್ದರು. ಬೆಲ್ಲ ಮೊದಲ ದಿನ ಸೀದಾ ಅಡಿಕೆಯ ಮೇಲೆಯೇ ಓಡಿದಳು. ಮಾವ ಏನೂ ಅನ್ನಲಿಲ್ಲ. ಎದ್ದು ಹೋಗಿ, ಚದುರಿದ್ದನ್ನೆಲ್ಲ ಕಾಲಿನಿಂದಲೇ ಮೆಲ್ಲ ಸರಿ ಮಾಡಿ ಬಂದು ಕೂತರು. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ನನಗೆ. ಆ ದಿನ ಸಂಜೆವರೆಗೆ ಹಗ್ಗ ಕೈಬಿಡಲಿಲ್ಲ.

ಮರುದಿನ ನೋಡಿದರೆ ಕರಿಯ ಮುಂದೆ, ಬೆಲ್ಲ ಹಿಂದೆ, ಇಬ್ಬರೂ ಆ ಒಂದಡಿ ದಾರಿಯಲ್ಲೇ. ಕರಿಯ ತಿರುವಿನಲ್ಲಿ ನಿಂತರೆ ಇವಳೂ ನಿಲ್ಲುತ್ತಾಳೆ. ನಾಲ್ಕು ದಿನದಲ್ಲಿ ಮತ್ತೆ ಒಂದೇ ಒಂದು ಅಡಿಕೆ ಆಚೀಚೆ ಆಗಲಿಲ್ಲ. ನಾನು ಕಲಿಸಿದ್ದಲ್ಲ, ಆ ಮುದುಕ ಕಲಿಸಿದ್ದು.

ಎರಡನೇ ರಾತ್ರಿ ಹತ್ತೂವರೆ ಹೊತ್ತಿಗೆ ಕರಿಯನ ಬೊಗಳು ಬೇರೆ ಥರ ಕೇಳಿತು. ಬೊಗಳುವುದಲ್ಲ, ಗಂಟಲಲ್ಲೇ ಗುರುಗುಟ್ಟುತ್ತಾ ಹಿಂದೆ ಹಿಂದೆ ಬರುವುದು. ಮಾವ ಲೈಟ್ ಹಾಕಿ ಅವೆರಡನ್ನೂ ಸೌದೆ ಕೊಟ್ಟಿಗೆಗೆ ಹಾಕಿ ಚಿಲಕ ಇಟ್ಟರು. ಬೆಲ್ಲ ನಮ್ಮ ಜೊತೆ ಕೋಣೆಯ ಒಳಗೇ ಇದ್ದಳು. ಬೆಳಿಗ್ಗೆ ಸ್ಪ್ರಿಂಕ್ಲರಿನ ನೀರು ಬಿದ್ದು ಹಸಿಯಾದ ಮಣ್ಣಿನಲ್ಲಿ ಹೆಜ್ಜೆ ತೋರಿಸಿದರು. ಬೆಲ್ಲನ ಹೆಜ್ಜೆಯೂ ಅಲ್ಲೇ ಪಕ್ಕದಲ್ಲಿ ಬಿದ್ದಿತ್ತು. ಇವಳದ್ದು ಉದ್ದಕ್ಕೆ, ಪ್ರತಿ ಬೆರಳ ಮುಂದೆ ಉಗುರಿನ ಚುಕ್ಕಿ. ಅದರದ್ದು ಗುಂಡಗೆ, ದೊಡ್ಡದು, ಉಗುರಿನ ಗುರುತೇ ಇಲ್ಲ. ಚಿರತೆ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತದೆ, ನಾಯಿಗೆ ಹಾಗೆ ಆಗುವುದಿಲ್ಲ. ಹೆದರಿಕೆ ಆಯ್ತಾ ಅಂದರೆ ಆಯ್ತು. ಆದರೆ ಅದರ ಮನೆಯ ದಾರಿಗೆ ನಾವು ಬಂದವರು. ಕತ್ತಲಾದ ಮೇಲೆ ಬಾಗಿಲು ಹಾಕಿಕೊಳ್ಳುವುದು ನಮ್ಮ ಕೆಲಸ.

ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಇರುವುದು ಮೂರನೇ ದಿನದ ಮಧ್ಯಾಹ್ನ. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ, ಉಪ್ಪಿನಕಾಯಿ. ಊಟ ಆಗಿ ಮಾವ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು, ಇವರೂ ಪಕ್ಕದಲ್ಲಿ ಕೂತು ಕಲಿಯುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ಸಿಪ್ಪೆ ಬಿಡಿಸುವ ಸದ್ದು, ಅಡಿಕೆ ಬುಟ್ಟಿಗೆ ಬೀಳುವ ಸದ್ದು, ಅಷ್ಟೇ. ಬೆಲ್ಲ ಕಂಬದ ಬುಡದಲ್ಲಿ ಅಡ್ಡಬಿದ್ದು, ನಾಲ್ಕೂ ಕಾಲು ಚಾಚಿ, ಹೊಟ್ಟೆ ತೋರಿಸಿ ನಿದ್ದೆ. ಬೊಳ್ಳ ಅವಳನ್ನು ದಾಟಿ ಹೋದ, ಏಳಲಿಲ್ಲ. ಬುಟ್ಟಿ ಮಗುಚಿತು, ಏಳಲಿಲ್ಲ. ಐದು ವರ್ಷದಲ್ಲಿ ಅವಳ ಎರಡೂ ಕಿವಿ ಸಡಿಲವಾದದ್ದನ್ನು ನಾನು ನೋಡಿದ್ದು ಆವತ್ತೇ. ಅವಳನ್ನು ನೋಡುತ್ತಾ ನೋಡುತ್ತಾ ಚಾಪೆಯ ಮೇಲೆ ನನಗೂ ನಿದ್ದೆ ಹತ್ತಿತು. ಎದ್ದಾಗ ಅತ್ತೆ ದೀಪ ಹಚ್ಚುತ್ತಿದ್ದರು.

ಕೂಡ್ಲು ತೀರ್ಥ ನೋಡಲಿಲ್ಲವಾ, ಆಗುಂಬೆಗೆ ಹೋಗಲಿಲ್ಲವಾ ಅಂತ ಎಲ್ಲರೂ ಕೇಳ್ತಾರೆ. ಇಲ್ಲ. ಒಂದು ದಿನ ತೋಡಿಗೆ ಕಟ್ಟ ಕಟ್ಟುವಾಗ ಮಣ್ಣಿನ ಚೀಲ ಹೊತ್ತೆವು, ಒಂದು ದಿನ ದೋಟಿಯಿಂದ ಅಡಿಕೆ ತೆಗೆಯುವುದನ್ನು ಕತ್ತೆತ್ತಿ ನೋಡಿದೆವು. ಫೋನಿಗೆ ಸಿಗ್ನಲ್ ಗುಡ್ಡೆಯ ನೀರಿನ ಟಾಂಕಿ ಹತ್ತಿರ ಮಾತ್ರ. ಇವರು ಮೊದಲ ದಿನ ನಾಲ್ಕು ಸಲ ಹತ್ತಿದರು, ಕೊನೆಯ ದಿನ ಹತ್ತಲೇ ಇಲ್ಲ.

ನಾಯಿಯನ್ನು ಕರೆದುಕೊಂಡು ತೋಟಕ್ಕೆ ಹೋಗುವವರಿಗೆ ನನ್ನದೊಂದು ಮಾತು. ತೋಟದ ಕೆಲಸ ನಿಮ್ಮ ರಜೆಗೆ ಕಾಯುವುದಿಲ್ಲ. ಅದರ ಹೊತ್ತಿಗೆ ನೀವು ಎದ್ದು, ಅದರ ಹೊತ್ತಿಗೆ ಉಂಡು, ಅದರ ಹೊತ್ತಿಗೆ ಬಾಗಿಲು ಹಾಕಿದರೆ ನಿಮಗೂ ನಾಯಿಗೂ ಅಲ್ಲಿ ಜಾಗ ಸಿಗುತ್ತದೆ. ನಮಗೆ ಸಿಕ್ಕಿದ ವಿಶ್ರಾಂತಿ ಹಾಗೇ ಸಿಕ್ಕಿದ್ದು.

ಕುಂದಾಪ್ರದ ಮಾಣಿ

ಹ್ವಾಯ್, ಎಂತ ಚಂದ ಬರ್ದಿರಿ ಮಾರ್ರೆ! ಕರಿಯನ ಫೋಟೋ ಹಾಕಿ ಕಾಂಬ.

ಕಾರ್ಕಳದ ಕೃಷಿಕ

ತುಂಬ ಒಳ್ಳೆಯದು ಬರೆದಿದ್ದೀರಿ ಅಕ್ಕ. ನಿಮ್ಮ ಮಾವ ಹೇಳಿದ ಮೂರಕ್ಕೆ ನಾನು ಇನ್ನೊಂದು ಸೇರಿಸುತ್ತೇನೆ: ಉರುಳು.

ಹಂದಿ ಕಾಟಕ್ಕೆ ಅಂತ ಗುಡ್ಡೆಯ ಬೇಲಿ ಬದಿಯಲ್ಲಿ ಬೈಕಿನ ಕ್ಲಚ್ ವೈರಿನ ಉರುಳು ಇಡುವವರು ಈಗಲೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಆದರೂ ಇಡ್ತಾರೆ. ಅದಕ್ಕೆ ಹಂದಿಯೇ ಬೀಳಬೇಕು ಅಂತ ಇಲ್ಲ. ಚಿರತೆ ಬಿದ್ದದ್ದುಂಟು, ಕಡವೆ ಬಿದ್ದದ್ದುಂಟು. ನಮ್ಮ ಮನೆಯ ನಾಯಿ ಎರಡು ದಿನ ಕಾಣೆಯಾಗಿ ಮೂರನೇ ದಿನ ಮೂರು ಕಾಲಲ್ಲಿ ಬಂತು. ನಾಲ್ಕನೇ ಕಾಲಿಗೆ ವೈರ್ ಬಿಗಿದುಕೊಂಡಿತ್ತು, ಪಾದ ಊದಿ ನೇರಳೆ ಬಣ್ಣ. ಕಾಲು ಉಳಿಯಿತು, ಬೆರಳು ಎರಡು ಹೋಯಿತು. ಅದು ಹುಟ್ಟಿ ಬೆಳೆದ ಗುಡ್ಡೆ, ಪ್ರತಿಯೊಂದು ದಾರಿ ಗೊತ್ತಿದ್ದ ನಾಯಿ. ಪೇಟೆಯಿಂದ ಬಂದ ನಾಯಿಗೆ ಎಂತ ಗೊತ್ತಾಗುತ್ತದೆ?

ಅದಕ್ಕೆ ನಮ್ಮಲ್ಲಿಗೆ ನಾಯಿ ತರುವ ನೆಂಟರಿಗೆ ನಾನು ಮೊದಲೇ ಹೇಳುತ್ತೇನೆ. ಅಂಗಳದಲ್ಲಿ, ತೋಟದೊಳಗೆ ನಿಮ್ಮ ಕಣ್ಣೆದುರು ಇದ್ದರೆ ಬಿಡಿ. ಬೇಲಿ ದಾಟುವಾಗ ಹಗ್ಗ ಬೇಕೇ ಬೇಕು.

ಬಂಟ್ವಾಳದ ಓದುಗ

ನನಗೆ ಇದು ಒಪ್ಪಿಗೆ ಇಲ್ಲ. ವರ್ಷಪೂರ್ತಿ ಬೆಲ್ಟ್ ಹಾಕಿ ರಸ್ತೆ ಬದಿಯಲ್ಲಿ ನಡೆಸುತ್ತೀರಿ, ತೋಟಕ್ಕೆ ಹೋದಲ್ಲಿಯೂ ಹಗ್ಗವಾ? ನಾಲ್ಕು ದಿನವಾದರೂ ಅದು ನಾಯಿಯಾಗಿ ಇರಲಿ. ನಾವು ಸಣ್ಣವರಿರುವಾಗ ಮನೆಯಲ್ಲಿ ಐದು ನಾಯಿ ಇದ್ದವು, ಒಂದನ್ನೂ ಕಟ್ಟಿದ್ದಿಲ್ಲ. ಅವು ನಮ್ಮ ಜೊತೆ ಗದ್ದೆಯ ಕಟ್ಟಪುಣಿಯಲ್ಲಿ ಓಡುತ್ತಿದ್ದವು, ತೋಡಿನಲ್ಲಿ ಈಜುತ್ತಿದ್ದವು. ಅಷ್ಟು ಖುಷಿಯ ಪ್ರಾಣಿಗಳನ್ನು ನಾನು ಮತ್ತೆ ನೋಡಲಿಲ್ಲ.

ಕಾರ್ಕಳದ ಕೃಷಿಕ

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ ಅಣ್ಣ, ನನ್ನ ಬಾಲ್ಯವೂ ಅದೇ. ಆದರೆ ಆ ಐದರಲ್ಲಿ ಎಷ್ಟು ಮುದಿಯಾಗಿ ಸತ್ತವು, ನೆನಪು ಮಾಡಿ ನೋಡಿ. ನಮ್ಮಲ್ಲಿ ಒಂದನ್ನು ಚಿರತೆ ಒಯ್ದಿತು, ಒಂದು ಹಾವು ಕಚ್ಚಿ ಹೋಯಿತು, ಒಂದು ಇಲಿ ಪಾಷಾಣ ತಿಂದು. ಆಗ ನಾವು ಅತ್ತು, ಇನ್ನೊಂದು ಮರಿ ತರುತ್ತಿದ್ದೆವು. ಇವರ ಬೆಲ್ಲ ಇವರಿಗೆ ಒಬ್ಬಳೇ.

ಬಂಟ್ವಾಳದ ಓದುಗ

ಹೌದು. ನಮ್ಮಲ್ಲಿಯೂ ಒಂದೇ ಮುದಿಯಾದದ್ದು. ಅದು ಕುಂಟು, ಹೆಚ್ಚು ದೂರ ಹೋಗುತ್ತಿರಲಿಲ್ಲ. ನೀವು ಕೇಳಿದ ಮೇಲೆ ನೆನಪಾಯಿತು. ಉದ್ದ ಹಗ್ಗವಾದರೂ ಕಟ್ಟಿ, ಗಿಡ್ಡದ್ದು ಬೇಡ.

ಬೆಲ್ಲನ ಮನೆಯವಳು, ಮಂಗಳೂರು

ಉದ್ದದ್ದೇ ಒಯ್ದಿದ್ದೆವು, ಮೂವತ್ತು ಅಡಿ ನೈಲಾನ್ ಹಗ್ಗ, ಎದೆಪಟ್ಟಿಗೆ ಸಿಕ್ಕಿಸಿ. ಕುತ್ತಿಗೆಗೆ ಅಲ್ಲ. ಓಡಿ ಕೊನೆ ಮುಟ್ಟಿದಾಗ ಎಳೆತ ಕುತ್ತಿಗೆಗೆ ಬೀಳಬಾರದು. ಅಡಿಕೆ ಮರಗಳ ನಡುವೆ ಸುತ್ತಿಕೊಂಡು ನಿಂತರೆ ಬಿಡಿಸಲು ಹೋಗಬೇಕು, ಅದೊಂದು ಕಷ್ಟ. ಬೈಲಿನಲ್ಲಿ, ಕೊಯ್ಲಾದ ಗದ್ದೆಯಲ್ಲಿ ಭಾರಿ ಲಾಯ್ಕ ಆಗ್ತದೆ.

ಬ್ರಹ್ಮಾವರದ ಪಶುವೈದ್ಯೆ

ಈ ಚರ್ಚೆ ನೋಡಿ ಖುಷಿಯಾಯಿತು. ರಜೆ ಮುಗಿದು ವಾರದೊಳಗೆ ಜ್ವರ, ಊಟ ಬಿಟ್ಟದ್ದು ಅಂತ ನಾಯಿಗಳನ್ನು ನಮ್ಮಲ್ಲಿಗೆ ತರುವವರು ಇರುತ್ತಾರೆ. ಹೆಚ್ಚಿನದು ತಪ್ಪಿಸಬಹುದಾದದ್ದು, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲನೆಯದು ಉಣ್ಣಿ. ಹಟ್ಟಿ ಇರುವಲ್ಲಿ, ತರಗೆಲೆ ಬಿದ್ದ ಗುಡ್ಡೆಯಲ್ಲಿ ಇರುವುದೇ. ಇದರಿಂದ ನಾಯಿಗೆ ಬರುವ ಬೆಬೀಸಿಯ, ಎರ್ಲಿಕಿಯ ರಕ್ತದ ಜ್ವರಗಳು ಪ್ರಾಣಕ್ಕೇ ಬರಬಹುದು. ಉಣ್ಣಿ ತಡೆಯುವ ಮಾತ್ರೆ ಅಥವಾ ಬೆನ್ನಿಗೆ ಹಾಕುವ ಹನಿಮದ್ದು ಹೊರಡುವ ಕೆಲವು ದಿನ ಮೊದಲೇ ಆಗಿರಬೇಕು, ಬಂದ ಮೇಲಲ್ಲ. ತೋಟದಲ್ಲಿರುವಾಗ ದಿನಕ್ಕೊಮ್ಮೆ ಕಿವಿಯ ಒಳಮಡಿಕೆ, ಬೆರಳ ಸಂದಿ, ಕಂಕುಳು, ಬಾಲದ ಬುಡ ನೋಡಿ. ಕಂಡರೆ ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಾಕಬೇಡಿ, ಬೀಡಿ ಬೆಂಕಿ ಮುಟ್ಟಿಸಬೇಡಿ, ಬೆರಳಲ್ಲಿ ಹಿಸುಕಲೇಬೇಡಿ.

ಹೆಬ್ರಿ, ಆಗುಂಬೆ ತಪ್ಪಲಿನವರು ಮಂಗನ ಕಾಯಿಲೆಯನ್ನೂ ನೆನಪಿಟ್ಟುಕೊಳ್ಳಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು, ಹರಡುವುದು ಕಾಡಿನ ಉಣ್ಣಿಯಿಂದ. ನವೆಂಬರಿನಿಂದ ಮೇ ತನಕ ಅದರ ಕಾಲ, ನಾವು ತೋಟಕ್ಕೆ ಹೋಗುವ ಕಾಲವೂ ಅದೇ. ನಾಯಿಯ ಮೈಯಲ್ಲಿ ಕೂತ ಉಣ್ಣಿ ನಿಮ್ಮ ಹಾಸಿಗೆಗೆ ಬರಬಹುದು. ಮಂಗ ಸತ್ತು ಬಿದ್ದದ್ದು ಕಂಡರೆ ಆ ಕಡೆ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ತೋಟದಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯಲು ಹಾಕುವುದು, ಹಿರಿಯರು ಮಾಡುತ್ತಿದ್ದ ಈ ಕ್ರಮ ತುಂಬ ಒಳ್ಳೆಯದು.

ಇಲಿಜ್ವರ ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಮನುಷ್ಯರಿಗೂ ನಾಯಿಗೂ ಬರುತ್ತದೆ. ಇಲಿಯ ಮೂತ್ರ ಸೇರಿದ ನಿಂತ ನೀರು ಸಾಕು. ನಾಯಿಗೆ ಲಸಿಕೆ ಇದೆ. ಮೊದಲ ಸಲವಾದರೆ ಮೂರು ನಾಲ್ಕು ವಾರ ಬಿಟ್ಟು ಎರಡು ಡೋಸ್ ಬೇಕು, ಆಮೇಲೆ ವರ್ಷಕ್ಕೊಂದು. ನಾಳೆ ಹೊರಡುವವರು ಇವತ್ತು ಬಂದು ಕೇಳಿದರೆ ನಮಗೆ ಮಾಡಲು ಆಗುವುದು ಕಮ್ಮಿ. ರೇಬಿಸ್ ಲಸಿಕೆಯಂತೂ ಹೇಳುವುದೇ ಬೇಡ. ತೋಡಿನ ನೀರು ಕುಡಿದ ನಾಯಿಯ ಮೂಗಿಗೆ ಜಿಗಣೆ ಹೊಕ್ಕದ್ದನ್ನೂ ತೆಗೆದಿದ್ದೇನೆ. ದಿನಗಟ್ಟಲೆ ಒಂದೇ ಹೊಳ್ಳೆಯಲ್ಲಿ ರಕ್ತ ಬರುತ್ತಿದ್ದರೆ ಅದನ್ನು ಸಂಶಯಿಸಿ. ಕುಡಿಯಲು ಬಾವಿ ನೀರನ್ನೇ ಕೊಡಿ.

ಇನ್ನು ತೋಟದಲ್ಲೇ ಇರುವ ವಿಷ. ಅಡಿಕೆಯಲ್ಲಿ ಅರೆಕೋಲಿನ್ ಇದೆ. ಹಿಂದೆ ನಾಯಿಯ ಹೊಟ್ಟೆಯ ಲಾಡಿಹುಳು ಬೀಳಿಸಲು ಇದನ್ನೇ ಕೊಡುತ್ತಿದ್ದರು. ಅಷ್ಟು ಬಲದ ವಸ್ತು. ಮರಿಗಳು ಆಟಕ್ಕೆ ಅಡಿಕೆ ಕಚ್ಚುತ್ತವೆ, ಜೊಲ್ಲು ಸುರಿದು, ವಾಂತಿಯಾಗಿ, ನಡುಕ ಬರುತ್ತದೆ. ಕೊಕ್ಕೊ ಇನ್ನೂ ಕೆಟ್ಟದು. ಚಾಕಲೇಟ್ ನಾಯಿಗೆ ಆಗದು ಅಂತ ಎಲ್ಲರಿಗೂ ಗೊತ್ತು, ಆ ಚಾಕಲೇಟ್ ಆಗುವುದೇ ಈ ಬೀಜದಿಂದ. ಒಣಗಲು ಹಾಕಿದ ಬೀಜದ ಹತ್ತಿರ ಬಿಡಬೇಡಿ. ಮಳೆಗಾಲದ ಮೊದಲು ಹೋಗುವವರು ಮೈಲುತುತ್ತಿನ ಮೇಲೆ ಕಣ್ಣಿಡಿ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕಲಸಿದ ಡ್ರಮ್ಮಿನ ಬುಡದಲ್ಲಿ ಉಳಿದ ನೀಲಿ ನೀರನ್ನು ಬಾಯಾರಿದ ನಾಯಿ ನೆಕ್ಕುತ್ತದೆ.

ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ನಡೆಸಬೇಡಿ. ಎತ್ತಿಕೊಂಡು ಸೀದಾ ವೈದ್ಯರಲ್ಲಿಗೆ. ನಾಗರಹಾವು, ಕಡಂಬಳ, ಕೊಳಕುಮಂಡಲಕ್ಕೆ ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ. ಎಲ್ಲ ಕಡೆ ಸಿಗುವುದಿಲ್ಲ, ಆದ್ದರಿಂದ ಹೊರಡುವ ಮೊದಲೇ ಯಾವ ಆಸ್ಪತ್ರೆಯಲ್ಲಿ ಇದೆ, ರಾತ್ರಿ ಯಾರಿರುತ್ತಾರೆ ಅಂತ ಫೋನಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಕೂಡ ಇದೆ.

ಕೂಡ್ಲು ತೀರ್ಥಕ್ಕೆ ಹೋಗದೆ ಇದ್ದದ್ದು ಒಳ್ಳೆಯದೇ ಆಯ್ತು. ಅದು 1974ರಲ್ಲಿ ಘೋಷಿಸಿದ ಸೋಮೇಶ್ವರ ಅಭಯಾರಣ್ಯದ ಜಾಗ, ನಾಯಿ ಒಯ್ಯುವ ಹಾಗಿಲ್ಲ. ನಾಯಿಯ ಡಿಸ್ಟೆಂಪರ್ ರೋಗ ಕಾಡಿನ ಪ್ರಾಣಿಗಳಿಗೂ ಹರಡುತ್ತದೆ.

ಸುರತ್ಕಲ್‌ನ ಇಬ್ಬರು

ಡಾಕ್ಟ್ರೇ, ಇದನ್ನು ಪ್ರಿಂಟ್ ತೆಗೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದೇವೆ. ಒಂದು ಪ್ರಶ್ನೆ. ನಮಗೆ ತೋಟ ಅಂತ ಇಲ್ಲ. ಪಡುಬಿದ್ರಿ ಬೀಚಿಗೆ ನಾಯಿ ಒಯ್ಯಬಹುದಾ?

ಉಚ್ಚಿಲದಿಂದ

ಅಲ್ಲಿ ಎಂಡ್ ಪಾಯಿಂಟ್ ಇರುವ ಜಾಗಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ಬೀಚಿಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಆ ಮಾನ್ಯತೆ ಇರುವ ಬೀಚುಗಳಲ್ಲಿ ನಾಯಿಗೆ ಕಟ್ಟುನಿಟ್ಟು ಉಂಟು. ಬೇರೆ ಕಡೆ ಬೆಳಿಗ್ಗೆ ಬೇಗ ಹೋಗಿ, ಬಲೆ ಒಣಗಲು ಹಾಕಿದಲ್ಲಿ ಬಿಡಬೇಡಿ. ಬಿಸಿಲೇರಿದ ಮೇಲೆ ಹೊಯ್ಗೆ ಪಾದ ಸುಡುತ್ತದೆ.

ಶಂಕರಪುರದ ನಿವೃತ್ತ ಮೇಷ್ಟ್ರು

ಬೆಲ್ಲನ ಮನೆಯವರು ಬರೆದ ಕೊನೆಯ ಮಾತು ನನಗೆ ತುಂಬ ಹಿಡಿಸಿತು. ನಮ್ಮದು ಮಲ್ಲಿಗೆ. ಅಡಿಕೆಯಾದರೂ ಒಂದು ದಿನ ತಡೆಯುತ್ತದೆ, ಮಲ್ಲಿಗೆ ಒಂದು ಗಂಟೆ ತಡೆಯುವುದಿಲ್ಲ. ಬೆಳಕು ಹರಿಯುವಾಗಲೇ ಮೊಗ್ಗು ಕೊಯ್ದು, ಕೂತು ಕಟ್ಟಿ, ಹೂ ಕೊಂಡುಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆವತ್ತಿನ ದರ ಆವತ್ತಿಗೆ.

ಮಗ ಸೊಸೆ ಮುಂಬೈಯಿಂದ ನಾಯಿ ಸಮೇತ ಬಂದಾಗ ಮೊದಲ ಎರಡು ದಿನ ನನಗೂ ಮನೆಯವಳಿಗೂ ಕಷ್ಟವೇ ಆಯ್ತು. ಅವರು ಒಂಬತ್ತಕ್ಕೆ ಏಳುವವರು, ನಾವು ಏಳೂವರೆಗೆ ಹೂ ಕೊಟ್ಟು ಬಂದು ತಿಂಡಿ ತಿನ್ನುವವರು. ಮೂರನೇ ದಿನ ಆ ನಾಯಿ ನಾಲ್ಕೂಮುಕ್ಕಾಲಿಗೆ ನನ್ನ ಟಾರ್ಚಿನ ಸದ್ದಿಗೆ ಎದ್ದು ಬಂತು. ಗಿಡದ ಸಾಲಿನ ಕೊನೆಯಲ್ಲಿ ಕೂತು ನಾನು ಕೊಯ್ಯುವುದನ್ನೇ ನೋಡಿತು. ಅದನ್ನು ಹುಡುಕಿಕೊಂಡು ಸೊಸೆ ಬಂದಳು, ಬುಟ್ಟಿ ಹಿಡಿದಳು. ಅವಳನ್ನು ಹುಡುಕಿಕೊಂಡು ಮಗ ಬಂದ. ಹದಿನೈದು ವರ್ಷದ ನಂತರ ಮಗ ನನ್ನ ಜೊತೆ ಹೂ ಕೊಯ್ದ. ನಾನು ಅವನಿಗೆ ಆವತ್ತು ಎಂತದೂ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಗಿಡಕ್ಕೆ ಮದ್ದು ಬಿಟ್ಟ ದಿನ ಮಾತ್ರ ನಾಯಿಯನ್ನು ಸಾಲಿನೊಳಗೆ ಬಿಡಬಾರದು. ಅದು ಮೈ ನೆಕ್ಕಿಕೊಳ್ಳುವ ಪ್ರಾಣಿ.

ಬೆಲ್ಲನ ಮನೆಯವಳು, ಮಂಗಳೂರು

ಮೇಷ್ಟ್ರೇ, ಓದಿ ಕಣ್ಣು ತುಂಬಿತು. ಇವರಿಗೂ ಓದಿ ಹೇಳಿದೆ.

ಮಣಿಪಾಲದ ಜೋಡಿ

ನಮ್ಮದು ಬೇರೆ ಅನುಭವ, ಹೇಳಿಕೊಳ್ಳಬೇಕು ಅನ್ನಿಸಿತು. ಹೋದ ಮಳೆಗಾಲದಲ್ಲಿ ಘಟ್ಟದ ಮೇಲೆ ಒಂದು ಹೋಂಸ್ಟೇ ಬುಕ್ ಮಾಡಿದ್ದೆವು. ನಾಯಿ ತರಬಹುದು ಅಂತ ಸ್ಪಷ್ಟವಾಗಿ ಹೇಳಿ, ಅದಕ್ಕೆ ಬೇರೆ ದುಡ್ಡೂ ತೆಗೆದುಕೊಂಡಿದ್ದರು. ಹೋದ ಮೇಲೆ ಕೋಣೆಯೊಳಗೆ ಬೇಡ, ಕಾರ್ ಶೆಡ್ಡಿನಲ್ಲಿ ಕಟ್ಟಿ ಅಂದರು. ಶೆಡ್ಡಿಗೆ ಮೂರು ಕಡೆ ಗೋಡೆಯೇ ಇಲ್ಲ, ರಾತ್ರಿಯೆಲ್ಲ ಇರಿಚಲು. ನಾವಿಬ್ಬರೂ ಅದರ ಜೊತೆ ಕಾರಿನಲ್ಲೇ ಮಲಗಿ ಬೆಳಿಗ್ಗೆ ಹೊರಟು ಬಂದೆವು. ಎಷ್ಟು ಬೇಜಾರಾಯ್ತು ಅಂದರೆ ಮತ್ತೆ ಎಲ್ಲಿಗೂ ಹೋಗಲಿಲ್ಲ.

ಈಗ ಇವರ ಅಜ್ಜಿಯ ಮನೆಗೆ ಹೋಗುವ ಯೋಚನೆ, ಬೆಳ್ಮಣ್ ಹತ್ತಿರ. ಸಣ್ಣ ತೋಟ, ಅಜ್ಜಿ ಒಬ್ಬರೇ, ಎಂಬತ್ತೆರಡು ವರ್ಷ. ಮಡಿ ಮಾಡುವವರು. ನಾಯಿ ಹೊಸ್ತಿಲು ದಾಟುವ ಹಾಗಿಲ್ಲ. ಕೇಳುವುದೇ ತಪ್ಪಾ? ಅಲ್ಲಿಯೂ ಹೊರಗೆ ಕಟ್ಟಿ ಹಾಕಿದರೆ ಆ ಹೋಂಸ್ಟೇಗೂ ಇದಕ್ಕೂ ಎಂತ ವ್ಯತ್ಯಾಸ ಅಂತ ಮನಸ್ಸಿಗೆ ಬರ್ತದೆ.

ಬೆಲ್ಲನ ಮನೆಯವಳು, ಮಂಗಳೂರು

ವ್ಯತ್ಯಾಸ ಉಂಟು ಅಂತ ನನಗೆ ಅನ್ನಿಸ್ತದೆ. ಅವರು ಹೂಂ ಅಂತ ದುಡ್ಡು ತೆಗೆದುಕೊಂಡು ಆಮೇಲೆ ಇಲ್ಲ ಅಂದದ್ದು, ಅದು ಮೋಸ. ಅಜ್ಜಿ ಮೊದಲೇ ಹೇಳಿದ್ದು, ಅದು ಅವರ ಮನೆಯ ಕ್ರಮ. ನಮ್ಮ ಅತ್ತೆಯೂ ಚಾವಡಿ ತನಕ ಬರಲಿ, ದೈವದ ಕೋಣೆಯ ಕಡೆ ಬೇಡ ಅಂದಿದ್ದರು. ನಾಗಬನದ ದಾರಿಯಲ್ಲಿಯೂ ನಾವು ಬೆಲ್ಲನನ್ನು ಒಯ್ಯಲಿಲ್ಲ, ಸುತ್ತು ಹಾಕಿ ಹೋದೆವು. ಅದರಿಂದ ಅವಳಿಗೆ ಕಮ್ಮಿಯಾದದ್ದು ಎಂತದೂ ಇಲ್ಲ.

ನೀವು ಅಜ್ಜಿಯ ಹತ್ತಿರ ಒಳಗೆ ಬಿಡಿ ಅಂತ ಕೇಳಬೇಡಿ. ಜಗಲಿಯಲ್ಲಿ ಇರಬಹುದಾ, ನಾವೂ ಅಲ್ಲೇ ಮಲಗಬಹುದಾ ಅಂತ ಕೇಳಿ. ಜಗಲಿಗೆ ಬಾಗಿಲೋ ಜಾಲರಿಯೋ ಉಂಟಾ ನೋಡಿಕೊಳ್ಳಿ, ರಾತ್ರಿ ತೆರೆದ ಜಾಗ ಬೇಡವೇ ಬೇಡ. ಸೊಳ್ಳೆಪರದೆ ತೆಗೆದುಕೊಂಡು ಹೋಗಿ. ಅದರ ಪಾತ್ರೆ, ಚಾಪೆ, ಒರೆಸುವ ಬಟ್ಟೆ ಎಲ್ಲ ನಿಮ್ಮದೇ ಇರಲಿ, ಅಜ್ಜಿಯ ಮನೆಯ ಒಂದು ತಟ್ಟೆಯನ್ನೂ ಮುಟ್ಟಿಸಬೇಡಿ. ಜಗಲಿ ಒರೆಸುವ ಕೆಲಸ ದಿನವೂ ನಿಮ್ಮದು.

ಕಾರ್ಕಳದ ಕೃಷಿಕ

ಬಾವಿಗೆ ಕಟ್ಟೆ ಎಷ್ಟು ಎತ್ತರ ಉಂಟು, ಅದನ್ನೂ ನೋಡಿ. ಹಳೇ ತೋಟಗಳಲ್ಲಿ ಕಟ್ಟೆಯಿಲ್ಲದ ಬಾವಿ, ಹುಲ್ಲು ಮುಚ್ಚಿದ ಹೊಂಡ ಇರುತ್ತದೆ.

ಮಣಿಪಾಲದ ಜೋಡಿ

ಮೂರು ವಾರದ ನಂತರ ಬರೆಯುತ್ತಿದ್ದೇವೆ. ಹೋಗಿ ಬಂದೆವು!

ಅಜ್ಜಿ ಫೋನಿನಲ್ಲಿ ತುಂಬ ಹೊತ್ತು ಸುಮ್ಮನಿದ್ದು, "ಜಗಲಿಯಲ್ಲಿ ಆದ್ರೆ ಅಡ್ಡಿಯಿಲ್ಲ ಮಾಣಿ" ಅಂದರು. ಜಗಲಿಗೆ ಮರದ ದಳಿ ಉಂಟು, ಬಾಗಿಲಿಗೆ ಅಗುಳಿ ಉಂಟು. ಬಾವಿಯ ಕಟ್ಟೆ ಮೊಣಕಾಲೆತ್ತರ ಮಾತ್ರ ಇತ್ತು, ಹಳೇ ಬಾಗಿಲ ಹಲಗೆ ಎರಡು ಅಡ್ಡ ಇಟ್ಟೆವು. ನಮ್ಮ ಹಾಸಿಗೆ, ಸೊಳ್ಳೆಪರದೆ, ನಾಯಿಯ ಚಾಪೆ ಎಲ್ಲ ಜಗಲಿಯಲ್ಲೇ.

ಮೊದಲ ರಾತ್ರಿ ಎಂಟಕ್ಕೆ ಅಜ್ಜಿ ಒಳಗೆ ದೀಪ ಆರಿಸಿ ಮಲಗಲು ಹೋದರು. ನಾವು ಹೊರಗೆ ಮೆಲ್ಲ ಮಾತಾಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಬಂದು ಹೊಸ್ತಿಲ ಒಳಗೆ ಮಣೆ ಹಾಕಿ ಕೂತರು. ನಾಯಿ ಹೊಸ್ತಿಲ ಹೊರಗೆ, ಅಜ್ಜಿ ಒಳಗೆ, ನಡುವೆ ಒಂದು ಮೊಳ. ಅದು ದಾಟಲಿಲ್ಲ, ಅವರೂ ಮುಟ್ಟಲಿಲ್ಲ. ಹನ್ನೊಂದರ ತನಕ ಕೂತಿದ್ದರು. ಮೂರು ಬೆಳೆ ತೆಗೆಯುತ್ತಿದ್ದ ಕಾಲದ್ದು, ಏಣಿಲು, ಸುಗ್ಗಿ, ಕೊಳಕೆ, ಯಾವ ಗದ್ದೆಯಲ್ಲಿ ಯಾವಾಗ ನೀರು ನಿಲ್ಲುತ್ತಿತ್ತು, ಅಜ್ಜ ಕಂಬಳಕ್ಕೆ ಹೋಗಿ ಎರಡು ದಿನ ಬಾರದೆ ಇದ್ದದ್ದು, ಎಲ್ಲ. ಇವರು ಅವರ ಸ್ವಂತ ಮೊಮ್ಮಗ, ಒಂದೂ ಕೇಳಿದ್ದಿಲ್ಲವಂತೆ. ನಾವು ಹಿಂದೆ ಹೋದಾಗಲೆಲ್ಲ ಒಳಗಿನ ಕೋಣೆಯಲ್ಲಿ ಫ್ಯಾನ್ ಹಾಕಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದವರು. ಮೂರು ರಾತ್ರಿಯೂ ಹಾಗೇ ಆಯ್ತು. ಎರಡನೇ ದಿನದಿಂದ ಅಜ್ಜಿ ನಾಯಿಗೆ ಅಂತ ನುಚ್ಚಕ್ಕಿ ಬೇರೆ ಬೇಯಿಸಿ, ಬಾಳೆಲೆ ತುಂಡಿನಲ್ಲಿ ಹಾಕಿ, ದೂರದಿಂದ ದೂಡುತ್ತಿದ್ದರು.

ಬಂದ ಮೇಲೆ ಡಾಕ್ಟ್ರು ಹೇಳಿದ ಹಾಗೆ ಹುಡುಕಿದೆವು. ಎರಡು ಉಣ್ಣಿ ಸಿಕ್ಕಿತು, ಎರಡೂ ಬಲಗಿವಿಯ ಒಳಮಡಿಕೆಯಲ್ಲಿ. ಚಿಮುಟದಿಂದ ನೇರ ಎಳೆದು ತೆಗೆದಾಯ್ತು. ಮಾತ್ರೆ ಹೊರಡುವ ಮೊದಲೇ ಕೊಟ್ಟಿದ್ದೆವು. ಇನ್ನು ಎಂತ ಮಾಡಬೇಕು?

ಬ್ರಹ್ಮಾವರದ ಪಶುವೈದ್ಯೆ

ಎರಡು ಮೂರು ವಾರ ಕಣ್ಣಿಟ್ಟಿರಿ. ಊಟ ಬಿಟ್ಟರೆ, ಮಂಕಾದರೆ, ಒಸಡು ಬಿಳಿಚಿಕೊಂಡರೆ, ಮೂತ್ರ ಕಾಫಿ ಬಣ್ಣಕ್ಕೆ ಬಂದರೆ ಅದೇ ದಿನ ಕರೆದುಕೊಂಡು ಬನ್ನಿ, ರಕ್ತ ನೋಡೋಣ. ನಿಮಗಿಬ್ಬರಿಗೆ ಜ್ವರ ಬಂದರೂ ತೋಟಕ್ಕೆ ಹೋಗಿದ್ದನ್ನು ನಿಮ್ಮ ಡಾಕ್ಟರಿಗೆ ಹೇಳಲು ಮರೆಯಬೇಡಿ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಮಣಿಪಾಲದ ಜೋಡಿ

ಆಯ್ತು ಡಾಕ್ಟ್ರೇ. ಶಿವರಾತ್ರಿಗೆ ಮತ್ತೆ ಹೋಗ್ತೇವೆ. ಅಷ್ಟರಲ್ಲಿ ಬಾವಿಗೆ ಕಟ್ಟೆ ಏರಿಸಲು ಮೇಸ್ತ್ರಿಯವರಿಗೆ ಹೇಳಿಯಾಗಿದೆ.